ಗೆಡ್ಡೆ ಎಲ್ಲೋ, ನೋವು ಇನ್ನೆಲ್ಲೋ: ಮೂಳೆ ಮೆದುವಾಗಿಸುವ ರೋಗದ ಪತ್ತೆಗೆ ವರ್ಷಗಳು ಏಕೆ ಬೇಕು?

ಅಂಗಾಲಿನ ಮಾಂಸದೊಳಗೋ ಮೂಗಿನ ಪಕ್ಕದ ಸೈನಸ್ ಕುಳಿಯಲ್ಲೋ ಒಂದೆರಡು ಸೆಂಟಿಮೀಟರ್ ಗಾತ್ರದ ಗೆಡ್ಡೆಯೊಂದು ಬೆಳೆದಿರುತ್ತದೆ. ಅದು ಸಾಮಾನ್ಯವಾಗಿ ನೋಯುವುದಿಲ್ಲ, ಬೇರೆಡೆಗೆ ಹರಡುವುದಿಲ್ಲ, ಬಹುಪಾಲು ಸಂದರ್ಭಗಳಲ್ಲಿ ಕ್ಯಾನ್ಸರೂ ಆಗಿರುವುದಿಲ್ಲ. ಆದರೆ ಅದೇ ವ್ಯಕ್ತಿಯ ಪಕ್ಕೆಲುಬುಗಳು ಪೆಟ್ಟು ಬೀಳದೆಯೇ ಬಿರುಕು ಬಿಡುತ್ತಿರುತ್ತವೆ, ಸೊಂಟ ಮತ್ತು ತೊಡೆಯ ನೋವಿನಿಂದ ನಡಿಗೆಯೇ ಬದಲಾಗಿರುತ್ತದೆ, ಕುಳಿತಲ್ಲಿಂದ ಏಳಲು ಇನ್ನೊಬ್ಬರ ಕೈ ಬೇಕಾಗಿರುತ್ತದೆ. ಗೆಡ್ಡೆ ಇರುವ ಜಾಗಕ್ಕೂ ನೋವಿರುವ ಜಾಗಕ್ಕೂ ಮೇಲುನೋಟಕ್ಕೆ ಯಾವ ಸಂಬಂಧವೂ ಕಾಣುವುದಿಲ್ಲ. ವೈದ್ಯಕೀಯದಲ್ಲಿ ಟ್ಯೂಮರ್ ಇಂಡ್ಯೂಸ್ಡ್ ಆಸ್ಟಿಯೋಮಲೇಶಿಯಾ ಅಥವಾ ಚುಟುಕಾಗಿ ಟಿಐಒ ಎಂದು ಕರೆಯುವ ಈ ರೋಗ ಅಪರೂಪದ್ದು. ಜಗತ್ತಿನ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಈವರೆಗೆ ವರದಿಯಾಗಿರುವ ಪ್ರಕರಣಗಳು ಸಾವಿರದ ಆಸುಪಾಸಿನಲ್ಲಿವೆ. ಗೆಡ್ಡೆಯನ್ನು ಪೂರ್ತಿಯಾಗಿ ತೆಗೆದುಹಾಕಿದರೆ ರೋಗಿ ಸಂಪೂರ್ಣ ಗುಣವಾಗಬಲ್ಲ ಕೆಲವೇ ಮೂಳೆ ರೋಗಗಳಲ್ಲಿ ಇದೂ ಒಂದು. ಹಾಗಿದ್ದರೂ ಲಕ್ಷಣಗಳು ಶುರುವಾಗಿ ರೋಗದ ಹೆಸರು ಗೊತ್ತಾಗುವಷ್ಟರಲ್ಲಿ ಸರಾಸರಿ ಎರಡು ಮೂರು ವರ್ಷ, ಗೆಡ್ಡೆ ಸಿಗುವಷ್ಟರಲ್ಲಿ ಐದು ವರ್ಷ ಕಳೆದಿರುತ್ತದೆ. ಈ ವಿಳಂಬಕ್ಕೆ ರೋಗ ಅಪರೂಪವಾಗಿರುವುದನ್ನೇ ಕಾರಣವಾಗಿ ಕೊಡುವುದು ರೂಢಿ. ಅದು ಅರ್ಧ ಸತ್ಯ ಮಾತ್ರ. ಉಳಿದರ್ಧ, ಬಹಳ ಸರಳವಾದ ಒಂದು ರಕ್ತಪರೀಕ್ಷೆಯನ್ನು ಯಾರೂ ಕೇಳದೇ ಇರುವುದು.

ಆ ಪರೀಕ್ಷೆ ಯಾವುದೆಂದು ಹೇಳುವ ಮೊದಲು ಮೂಳೆ ಗಟ್ಟಿಯಾಗುವ ಬಗೆಯನ್ನು ನೋಡಬೇಕು. ಮೂಳೆಯ ಒಡಲು ಮುಖ್ಯವಾಗಿ ಕೊಲ್ಲಾಜೆನ್ ಎಂಬ ಪ್ರೋಟೀನಿನ ಹಂದರ. ಅದರ ಎಳೆಗಳ ನಡುವೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡಿ ಹರಳುಗಟ್ಟಿದಾಗ ಮೂಳೆಗೆ ಬಿಗಿ ಬರುತ್ತದೆ. ವಯಸ್ಕರ ದೇಹದಲ್ಲಿ ಸುಮಾರು 700 ಗ್ರಾಂ ರಂಜಕ, ಅಂದರೆ ಫಾಸ್ಫೇಟಿನ ಮೂಲಧಾತುವಾದ ಫಾಸ್ಫರಸ್, ಇದ್ದು, ಅದರಲ್ಲಿ ಶೇ 85ರಷ್ಟು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ವಯಸ್ಸಾದವರಲ್ಲಿ ಕಾಣುವ ಮೂಳೆ ಸವೆತದಲ್ಲಿ, ಅಂದರೆ ಆಸ್ಟಿಯೋಪೊರೋಸಿಸ್‌ನಲ್ಲಿ, ಹಂದರವೂ ಖನಿಜವೂ ಒಟ್ಟಿಗೆ ಕಡಿಮೆಯಾಗುತ್ತವೆ. ಉಳಿದಷ್ಟು ಮೂಳೆಯ ಗುಣ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಆಸ್ಟಿಯೋಮಲೇಶಿಯಾದಲ್ಲಿ ನಡೆಯುವುದೇ ಬೇರೆ. ಹಂದರ ಹೆಣೆಯುತ್ತಲೇ ಹೋಗುತ್ತದೆ, ಅದರೊಳಗೆ ಖನಿಜ ಕೂರುವುದಿಲ್ಲ. ಕಂಬಿ ಕಟ್ಟಿ, ಕಾಂಕ್ರೀಟು ಸುರಿಯದೆ ಬಿಟ್ಟ ಕಂಬದ ಮೇಲೆ ಮಹಡಿ ಏರಿಸಿದ ಹಾಗೆ. ಬೆಳೆಯುವ ಮಕ್ಕಳಲ್ಲಿ ಇದೇ ಕೊರತೆ ರಿಕೆಟ್ಸ್ ಆಗಿ ಕಾಲು ಬಾಗಿಸುತ್ತದೆ. ವಿಟಮಿನ್ ಡಿ ಅಭಾವ ಇದಕ್ಕೆ ಎಲ್ಲರಿಗೂ ಗೊತ್ತಿರುವ ಕಾರಣ. ವಿಟಮಿನ್ ಡಿ ಸಾಕಷ್ಟಿದ್ದೂ ರಕ್ತದಲ್ಲಿ ಫಾಸ್ಫೇಟ್ ಇಲ್ಲದಿದ್ದರೆ ಮೂಳೆ ಹಾಗೆಯೇ ಮೆದುವಾಗುತ್ತದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಫಾಸ್ಫೇಟಿನ ಲೆಕ್ಕ ಇಡುವುದು ಮೂತ್ರಪಿಂಡ. ಅಲ್ಲಿ ಸೋಸಿಹೋದ ಫಾಸ್ಫೇಟಿನ ಬಹುಭಾಗವನ್ನು ಸಣ್ಣ ನಾಳಗಳು ಮರಳಿ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಎಷ್ಟು ಎಳೆದುಕೊಳ್ಳಬೇಕೆಂಬ ಆದೇಶ ಕೊಡುವ ಹಾರ್ಮೋನುಗಳಲ್ಲಿ ಮುಖ್ಯವಾದದ್ದು ಎಫ್‌ಜಿಎಫ್ 23. ಆರೋಗ್ಯವಂತರಲ್ಲಿ ಅದನ್ನು ಸ್ರವಿಸುವುದು ಮೂಳೆಯೊಳಗಿನ ಜೀವಕೋಶಗಳೇ. ರಕ್ತದಲ್ಲಿ ಫಾಸ್ಫೇಟ್ ಹೆಚ್ಚಾದಾಗ ಈ ಹಾರ್ಮೋನು ಏರಿ, ಹೆಚ್ಚಿನದನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಜೊತೆಗೆ ಮೂತ್ರಪಿಂಡದಲ್ಲಿ ವಿಟಮಿನ್ ಡಿ ತನ್ನ ಕ್ರಿಯಾಶೀಲ ರೂಪಕ್ಕೆ, ಅಂದರೆ ಕ್ಯಾಲ್ಸಿಟ್ರಿಯಾಲ್ ಆಗಿ, ಬದಲಾಗುವುದನ್ನೂ ತಡೆಯುತ್ತದೆ. ಟಿಐಒ ಉಂಟುಮಾಡುವ ಗೆಡ್ಡೆ ಮಾಡುವುದು ಇಷ್ಟೇ: ಯಾರ ಆದೇಶಕ್ಕೂ ಕಾಯದೆ ಈ ಹಾರ್ಮೋನನ್ನು ಹಗಲಿರುಳು ರಕ್ತಕ್ಕೆ ಬಿಡುತ್ತಿರುತ್ತದೆ. ಮೂತ್ರಪಿಂಡ ಫಾಸ್ಫೇಟನ್ನು ಚೆಲ್ಲುತ್ತಲೇ ಇರುತ್ತದೆ; ಕ್ಯಾಲ್ಸಿಟ್ರಿಯಾಲ್ ಇಳಿದಿರುವುದರಿಂದ ಕರುಳೂ ಆಹಾರದಿಂದ ಸಾಕಷ್ಟು ಹೀರಿಕೊಳ್ಳಲಾರದು. ಹೀಗೆ ಎರಡೂ ಕಡೆಯಿಂದ ನಷ್ಟ. ಸ್ನಾಯುಗಳು ಸೋಲುವುದಕ್ಕೂ ಇದೇ ಮೂಲ. ಜೀವಕೋಶಗಳು ಶಕ್ತಿಯನ್ನು ಕೂಡಿಡುವ ಎಟಿಪಿ ಎಂಬ ಅಣುವಿಗೂ ಫಾಸ್ಫೇಟ್ ಬೇಕು.

ಇಷ್ಟನ್ನು ತಿಳಿಯಲು ಐವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1947ರಲ್ಲಿ ಇಂಗ್ಲೆಂಡಿನ ರಾಬರ್ಟ್ ಮೆಕ್ಯಾನ್ಸ್ ಅವರು ಮೂಳೆ ಮೆದುವಾಗಿದ್ದ ಹುಡುಗಿಯೊಬ್ಬಳ ಪ್ರಕರಣವನ್ನು ಪ್ರಕಟಿಸಿದರು. ಅವಳಿಗೆ ಭಾರಿ ಪ್ರಮಾಣದ ವಿಟಮಿನ್ ಡಿ ಕೊಡಲಾಗಿತ್ತು, ತೊಡೆಮೂಳೆಯಲ್ಲಿದ್ದ ಗೆಡ್ಡೆಯನ್ನೂ ತೆಗೆಯಲಾಗಿತ್ತು. ಅವಳು ಚೇತರಿಸಿಕೊಂಡಳು, ಆದರೆ ಗೆಡ್ಡೆಯೇ ರೋಗದ ಮೂಲವೆಂದು ಆಗ ಯಾರಿಗೂ ಹೊಳೆಯಲಿಲ್ಲ. ಸ್ವಿಟ್ಜರ್ಲೆಂಡಿನ ಆಂದ್ರೆಯಾ ಪ್ರಾಡರ್ ಮತ್ತು ಸಂಗಡಿಗರು 1959ರಲ್ಲಿ, ಪಕ್ಕೆಲುಬಿನ ಗೆಡ್ಡೆ ತೆಗೆದ ಮೇಲೆ ಬಾಲಕಿಯೊಬ್ಬಳ ರಿಕೆಟ್ಸ್ ವಾಸಿಯಾದದ್ದನ್ನು ಕಂಡು, ಆ ಗೆಡ್ಡೆ ಏನನ್ನೋ ಸ್ರವಿಸುತ್ತಿದ್ದಿರಬೇಕೆಂದು ಮೊದಲ ಬಾರಿಗೆ ಊಹಿಸಿದರು. ಇಂಥ ಗೆಡ್ಡೆಗಳಿಗೆ ಸೂಕ್ಷ್ಮದರ್ಶಕದಲ್ಲಿ ತಮ್ಮದೇ ಆದ ಲಕ್ಷಣಗಳಿವೆ ಎಂದು 1987ರಲ್ಲಿ ಗುರುತಿಸಲಾಯಿತು. ಅಂದಿನಿಂದ ಅವುಗಳಿಗೆ ಫಾಸ್ಫಟ್ಯೂರಿಕ್ ಮೀಸೆಂಕೈಮಲ್ ಟ್ಯೂಮರ್ ಎಂಬ ಹೆಸರು ನಿಂತಿತು. ಸ್ರವಿಸುವ ವಸ್ತು ಎಫ್‌ಜಿಎಫ್ 23 ಎಂದು 2001ರಲ್ಲಿ ಜಪಾನಿನ ಸಂಶೋಧಕರು ತೋರಿಸಿಕೊಟ್ಟರು. ಆನುವಂಶಿಕವಾಗಿ ಬರುವ ಒಂದು ಬಗೆಯ ರಿಕೆಟ್ಸ್‌ಗೂ ಇದೇ ಹಾರ್ಮೋನನ್ನು ತಯಾರಿಸುವ ಜೀನಿನ ದೋಷ ಕಾರಣವೆಂಬುದು ಅದರ ಹಿಂದಿನ ವರ್ಷವಷ್ಟೇ ಗೊತ್ತಾಗಿತ್ತು. 2015ರ ವೇಳೆಗೆ, ಈ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಎರಡು ಜೀನುಗಳು ತಪ್ಪಾಗಿ ಬೆಸೆದುಕೊಂಡಿರುವುದೂ ಕಂಡುಬಂತು. ವಿಜ್ಞಾನ ತನ್ನ ಪಾಲಿನ ಕೆಲಸವನ್ನು ಹೆಚ್ಚುಕಡಿಮೆ ಮುಗಿಸಿದೆ ಎನ್ನಬಹುದು. ತೊಡಕು ಇರುವುದು ಹೊರರೋಗಿ ವಿಭಾಗದ ಮೇಜಿನ ಮೇಲೆ.

ರೋಗಿ ಅಲ್ಲಿಗೆ ಬರುವುದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ. ಮೊದಲು ಪಾದ, ಹಿಮ್ಮಡಿ ಅಥವಾ ಬೆನ್ನಿನಲ್ಲಿ ನೋವು. ಕ್ರಮೇಣ ಸೊಂಟ, ಪಕ್ಕೆ, ತೊಡೆಗಳಿಗೆ ವ್ಯಾಪಿಸುತ್ತದೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕಾಗುತ್ತದೆ, ಮಗ್ಗುಲು ಬದಲಿಸುವುದೇ ಕಷ್ಟವಾಗುತ್ತದೆ, ಅಕ್ಕಪಕ್ಕಕ್ಕೆ ಓಲಾಡುವ ನಡಿಗೆ ಬರುತ್ತದೆ. ಬೆನ್ನುಮೂಳೆಗಳು ಕುಸಿದು ಎತ್ತರ ಕಡಿಮೆಯಾಗುವುದೂ ಉಂಟು. ಈ ಲಕ್ಷಣಗಳಲ್ಲಿ ಒಂದೂ ವಿಶಿಷ್ಟವಾದುದಲ್ಲ. ಬೆನ್ನುನೋವನ್ನು ನೋಡಿದವರು ಸ್ಲಿಪ್ ಡಿಸ್ಕ್ ಎನ್ನುತ್ತಾರೆ. ಕೀಲುಗಳನ್ನು ನೋಡಿದವರು ಸಂಧಿವಾತ ಎನ್ನುತ್ತಾರೆ. ಸ್ನಾಯುಗಳ ಸೋಲನ್ನು ನೋಡಿದವರು ಸ್ನಾಯುರೋಗದ ಪರೀಕ್ಷೆಗಳಿಗೆ ಬರೆಯುತ್ತಾರೆ. ಎಲ್ಲ ವರದಿಗಳೂ ಸರಿಯಾಗಿವೆ ಎಂದಾದಾಗ ಕೊನೆಗೆ ಮಾನಸಿಕ ಕಾರಣದ ಮಾತು ಬರುತ್ತದೆ. ಚೀನಾದಲ್ಲಿ 144 ಟಿಐಒ ರೋಗಿಗಳ ಹಳೆಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಶೇ 95.1 ಮಂದಿಗೆ ಮೊದಲು ಬೇರೆ ಯಾವುದೋ ರೋಗದ ಹೆಸರು ಹಚ್ಚಲಾಗಿತ್ತು. ಆ ತಪ್ಪು ಹೆಸರುಗಳ ಪಟ್ಟಿಯಲ್ಲಿ ಡಿಸ್ಕ್ ಸರಿಯುವಿಕೆ, ಬೆನ್ನುಮೂಳೆಯ ಸಂಧಿವಾತ ಮತ್ತು ಮೂಳೆ ಸವೆತ ಮುಂಚೂಣಿಯಲ್ಲಿದ್ದವು. ಅಪರೂಪದ ರೋಗವೊಂದು ಕೆಲವೊಮ್ಮೆ ಕೈತಪ್ಪುವುದು ಸಹಜ. ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಕೈತಪ್ಪಿದರೆ ಅದನ್ನು ಆಕಸ್ಮಿಕ ಎನ್ನಲಾಗದು.

ತಪ್ಪು ಹೆಸರಿನಿಂದ ಸಮಯ ಮಾತ್ರ ವ್ಯರ್ಥವಾಗುತ್ತದೆ ಎಂದುಕೊಳ್ಳಬಾರದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರಕ್ಕೆ ಸವೆದ ಮೂಳೆಗೂ ಮೆದುವಾದ ಮೂಳೆಗೂ ವ್ಯತ್ಯಾಸ ತಿಳಿಯದು. ಅದು ಎರಡರಲ್ಲೂ ಕಡಿಮೆ ಅಂಕವನ್ನೇ ತೋರಿಸುತ್ತದೆ. ಆ ಅಂಕವನ್ನು ನಂಬಿ ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಗುಂಪಿನ ಔಷಧಗಳನ್ನು ಆರಂಭಿಸಿದರೆ, ಖನಿಜ ಕೂರದೆ ಸೊರಗಿದ ಮೂಳೆಯ ಸ್ಥಿತಿ ಇನ್ನಷ್ಟು ಬಿಗಡಾಯಿಸಬಹುದು. ಬೋನ್ ಸ್ಕ್ಯಾನ್‌ನದು ಇದಕ್ಕೆ ತದ್ವಿರುದ್ಧವಾದ ದಿಗಿಲು. ಮೈತುಂಬ ಇರುವ ಸಣ್ಣ ಬಿರುಕುಗಳು ಅದರಲ್ಲಿ ಕಪ್ಪು ಚುಕ್ಕೆಗಳಾಗಿ ಮೂಡುವುದರಿಂದ, ಎಲ್ಲಿಂದಲೋ ಕ್ಯಾನ್ಸರ್ ಮೂಳೆಗಳಿಗೆ ಹರಡಿದೆ ಎಂಬ ತೀರ್ಮಾನಕ್ಕೆ ಬಂದು, ಇಲ್ಲದ ಕ್ಯಾನ್ಸರಿನ ಮೂಲಕ್ಕಾಗಿ ಹುಡುಕಾಟ ಶುರುವಾಗುತ್ತದೆ. ಒಂದೇ ರೋಗಿಯನ್ನು ಒಂದು ಯಂತ್ರ ತೀರಾ ಸಾಮಾನ್ಯ ಕಾಯಿಲೆಗೂ ಇನ್ನೊಂದು ತೀರಾ ಭೀಕರ ಕಾಯಿಲೆಗೂ ತಳ್ಳಿಬಿಡಬಲ್ಲದು, ಮತ್ತು ಎರಡೂ ಸುಳ್ಳಾಗಿರಬಹುದು. ಸಾಧಾರಣ ಎಕ್ಸ್‌ರೇಯಲ್ಲಾದರೋ, ತೊಡೆಮೂಳೆಯ ಕತ್ತು, ಸೊಂಟದ ಮುಂಭಾಗ, ಪಕ್ಕೆಲುಬು ಮತ್ತು ಹೆಗಲ ಹಲಗೆಯ ಅಂಚುಗಳಲ್ಲಿ ಅಡ್ಡಕ್ಕೆ ಹಾಯ್ದ ಮಸುಕು ಪಟ್ಟಿಗಳನ್ನು ಗುರುತಿಸಿದರೆ ಆಸ್ಟಿಯೋಮಲೇಶಿಯಾದ ಸುಳಿವು ಅಲ್ಲೇ ಸಿಗುತ್ತದೆ. ಲೂಸರ್ ವಲಯಗಳೆಂದು ಕರೆಯುವ ಈ ಹುಸಿ ಬಿರುಕುಗಳನ್ನು ನೋಡುವ ಕಣ್ಣು ಮಾತ್ರ ಬೇಕು.

ಈಗ ಆ ರಕ್ತಪರೀಕ್ಷೆ. ಸೀರಮ್ ಫಾಸ್ಫೇಟ್, ಲ್ಯಾಬ್ ಚೀಟಿಗಳಲ್ಲಿ ಹೆಚ್ಚಾಗಿ ಫಾಸ್ಫರಸ್ ಎಂದೇ ಇರುತ್ತದೆ. ವಯಸ್ಕರಲ್ಲಿ ಇದು ಪ್ರತಿ ಡೆಸಿಲೀಟರಿಗೆ ಸುಮಾರು 2.5ರಿಂದ 4.5 ಮಿಲಿಗ್ರಾಂ ಇರಬೇಕು. ಟಿಐಒ ರೋಗಿಗಳಲ್ಲಿ ಸಾಮಾನ್ಯವಾಗಿ 2ಕ್ಕಿಂತ ಕೆಳಗಿರುತ್ತದೆ. ಇದಕ್ಕೆ ವಿಶೇಷ ಯಂತ್ರ ಬೇಡ, ಪರಿಣತರೂ ಬೇಡ. ಕ್ಯಾಲ್ಸಿಯಂ ಅಳೆಯುವ ಯಾವ ಪ್ರಯೋಗಾಲಯವೂ ಇದನ್ನು ಅಳೆಯಬಲ್ಲದು. ಆದರೆ ಎಷ್ಟೋ ಕಡೆ ವಾಡಿಕೆಯ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಯಕೃತ್ತಿನ ಕಿಣ್ವಗಳು ಎಲ್ಲವೂ ಇದ್ದು ಫಾಸ್ಫೇಟ್ ಮಾತ್ರ ಇರುವುದಿಲ್ಲ. ಪ್ರತ್ಯೇಕವಾಗಿ ಬರೆದರಷ್ಟೇ ಮಾಡುತ್ತಾರೆ. ಇದರಲ್ಲೊಂದು ವಿಪರ್ಯಾಸವಿದೆ. ಯಕೃತ್ತಿನ ಪರೀಕ್ಷೆಯ ಗುಂಪಿನಲ್ಲೇ ಬರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಮೂಳೆಯಿಂದಲೂ ಬರುತ್ತದೆ, ಮತ್ತು ಈ ರೋಗದಲ್ಲಿ ಬಹುತೇಕ ಏರಿಯೇ ಇರುತ್ತದೆ. ಅಂದರೆ ಯಕೃತ್ತಿನ ಉಳಿದೆಲ್ಲ ಅಂಕಿಗಳು ಸರಿಯಿದ್ದು ಇದೊಂದೇ ಹೆಚ್ಚಿರುವ ಹಳೆಯ ವರದಿಗಳು ರೋಗಿಯ ಕಡತದಲ್ಲಿ ಮೊದಲೇ ಕೂತಿರುವ ಸಾಧ್ಯತೆ ದೊಡ್ಡದು. ಮೈಯೆಲ್ಲ ಮೂಳೆನೋವು, ತೊಡೆಯ ಸ್ನಾಯುಗಳ ಸೋಲು, ಏರಿದ ಆಲ್ಕಲೈನ್ ಫಾಸ್ಫಟೇಸ್ ಈ ಮೂರು ಒಟ್ಟಿಗೆ ಕಂಡ ಮೇಲೂ ಫಾಸ್ಫೇಟ್ ಕೇಳದಿರುವುದನ್ನು ರೋಗ ಅಪರೂಪವೆಂಬ ಮಾತಿನಿಂದ ಸಮರ್ಥಿಸಿಕೊಳ್ಳುವುದು ಕಷ್ಟ.

ಫಾಸ್ಫೇಟ್ ಕಡಿಮೆಯಿದ್ದ ಮಾತ್ರಕ್ಕೆ ಗೆಡ್ಡೆ ಇದೆಯೆಂದೂ ಅಲ್ಲ. ಮುಂದಿನ ಪ್ರಶ್ನೆ, ಅದು ಕರುಳಿನಲ್ಲಿ ಹೀರಿಕೆಯಾಗದೆ ಕಡಿಮೆಯಾಗಿದೆಯೋ ಮೂತ್ರದಲ್ಲಿ ಸೋರಿಹೋಗಿ ಕಡಿಮೆಯಾಗಿದೆಯೋ ಎಂಬುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಮತ್ತು ಮೂತ್ರವನ್ನು ಒಂದೇ ಹೊತ್ತಿಗೆ ತೆಗೆದು ಎರಡರಲ್ಲೂ ಫಾಸ್ಫೇಟ್ ಮತ್ತು ಮೂತ್ರಪಿಂಡ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನು ಅಳೆದರೆ ಉತ್ತರ ಸಿಗುತ್ತದೆ. ಉದಾಹರಣೆಗೆ ರಕ್ತದ ಫಾಸ್ಫೇಟ್ 1.4, ಕ್ರಿಯಾಟಿನಿನ್ 0.6, ಮೂತ್ರದ ಫಾಸ್ಫೇಟ್ 35, ಕ್ರಿಯಾಟಿನಿನ್ 50 ಇದೆಯೆಂದುಕೊಳ್ಳೋಣ. ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಮೂತ್ರದ ಫಾಸ್ಫೇಟನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿದರೆ 21. ರಕ್ತದ ಫಾಸ್ಫೇಟನ್ನು ಮೂತ್ರದ ಕ್ರಿಯಾಟಿನಿನ್‌ನಿಂದ ಗುಣಿಸಿದರೆ 70. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.3, ಅಂದರೆ ಸೋಸಿಹೋದ ಫಾಸ್ಫೇಟಿನಲ್ಲಿ ಶೇ 30ರಷ್ಟು ಮೂತ್ರದ ಪಾಲಾಗುತ್ತಿದೆ. ರಕ್ತದಲ್ಲಿ ಇಷ್ಟು ಕೊರತೆ ಇರುವಾಗ ಆರೋಗ್ಯವಂತ ಮೂತ್ರಪಿಂಡ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಡಿದಿಟ್ಟುಕೊಳ್ಳಬೇಕಿತ್ತು. ಚೀಟಿಯ ಹಿಂಬದಿಯಲ್ಲೇ ಮುಗಿಸಬಹುದಾದ ಈ ಲೆಕ್ಕ ಸೋರಿಕೆಯನ್ನು ಸಾಬೀತುಪಡಿಸುತ್ತದೆ.

ಸೋರಿಕೆಗೂ ಬೇರೆ ಕಾರಣಗಳಿವೆ. ಟೆನೊಫೊವಿರ್, ಅಡೆಫೊವಿರ್‌ನಂಥ ವೈರಾಣು ನಿರೋಧಕ ಔಷಧಗಳು ಮೂತ್ರಪಿಂಡದ ನಾಳಗಳನ್ನೇ ಕೆಡಿಸಬಲ್ಲವು. ರಕ್ತಹೀನತೆಗೆ ನರದ ಮೂಲಕ ಕೊಡುವ ಕಬ್ಬಿಣದ ಕೆಲವು ಚುಚ್ಚುಮದ್ದುಗಳು, ಮುಖ್ಯವಾಗಿ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, ಎಫ್‌ಜಿಎಫ್ 23 ಅನ್ನು ಏರಿಸುತ್ತವೆ. ಹುಟ್ಟಿನಿಂದಲೇ ಬರುವ, ಎಕ್ಸ್ ವರ್ಣತಂತುವಿನ ದೋಷದಿಂದ ಫಾಸ್ಫೇಟ್ ಸೋರಿಸುವ ಎಕ್ಸ್‌ಎಲ್‌ಎಚ್‌ನಂಥ ಆನುವಂಶಿಕ ರೋಗಗಳಿವೆ. ಹಾಗಾಗಿ ರೋಗಿ ಯಾವ ಯಾವ ಔಷಧ ಸೇವಿಸುತ್ತಿದ್ದಾರೆ, ಬಾಲ್ಯದಲ್ಲಿ ಎತ್ತರ ಮತ್ತು ಹಲ್ಲು ಹೇಗಿದ್ದವು, ಮನೆಯಲ್ಲಿ ಬೇರೆಯವರಿಗೆ ಇಂಥದು ಇದೆಯೇ ಎಂದು ಕೇಳುವುದು ಯಾವ ಸ್ಕ್ಯಾನಿಗೂ ಕಡಿಮೆಯಿಲ್ಲದ ಪರೀಕ್ಷೆ. ಇವೆಲ್ಲ ಇಲ್ಲವೆಂದಾದ ಮೇಲೆ ರಕ್ತದ ಎಫ್‌ಜಿಎಫ್ 23 ಅಳೆಯಬೇಕು. ಫಾಸ್ಫೇಟ್ ಇಷ್ಟು ಕೆಳಗಿರುವಾಗ ಆ ಹಾರ್ಮೋನು ತಾನೂ ಇಳಿದಿರಬೇಕಿತ್ತು. ಆದ್ದರಿಂದ ವರದಿಯಲ್ಲಿ ಅದು ಸಾಮಾನ್ಯ ಮಿತಿಯೊಳಗೆ ಇದ್ದರೂ ಅಸಹಜವೆಂದೇ ಓದಬೇಕಾಗುತ್ತದೆ.

ಗೆಡ್ಡೆಯ ಹುಡುಕಾಟ ಶುರುವಾಗಬೇಕಾದದ್ದು ಈ ಹಂತದಲ್ಲಿ, ಇದಕ್ಕೂ ಮೊದಲಲ್ಲ. ಮೊದಲ ಉಪಕರಣ ವೈದ್ಯರ ಬೆರಳು: ಚರ್ಮದಡಿಯ ಗಂಟುಗಳನ್ನು ಮುಟ್ಟಿ ನೋಡುವುದು, ಬಾಯೊಳಗೆ ಇಣುಕುವುದು, ಅಂಗಾಲನ್ನು ಒತ್ತಿ ನೋಡುವುದು. ವರ್ಷಗಳಿಂದ ಇರುವ, ನೋಯದ ಗಂಟಿನ ಬಗ್ಗೆ ರೋಗಿ ತಾನಾಗಿ ಹೇಳುವುದಿಲ್ಲ. ಮೂಳೆನೋವಿಗೂ ಅದಕ್ಕೂ ನಂಟಿದೆಯೆಂದು ಅವರಿಗೆ ತೋಚುವುದಾದರೂ ಹೇಗೆ? ಅನಂತರ ಬರುವುದು ಇಡೀ ದೇಹದ ಸ್ಕ್ಯಾನ್. ಈ ಗೆಡ್ಡೆಗಳ ಮೇಲ್ಮೈಯಲ್ಲಿ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನಿನ ಗ್ರಾಹಕಗಳು ಹೆಚ್ಚಾಗಿರುವುದರಿಂದ, ಅವುಗಳಿಗೆ ಅಂಟಿಕೊಳ್ಳುವ ಗ್ಯಾಲಿಯಂ 68 ಡೋಟಾಟೇಟ್ ಎಂಬ ವಿಕಿರಣಶೀಲ ವಸ್ತುವನ್ನು ಬಳಸುವ ಪೆಟ್ ಸಿಟಿ ಸದ್ಯಕ್ಕೆ ಅತ್ಯುತ್ತಮ ಆಯ್ಕೆಯೆನಿಸಿದೆ. ಇಲ್ಲೊಂದು ಸಣ್ಣ, ಆದರೆ ದುಬಾರಿಯಾಗುವ ಎಡವಟ್ಟಿದೆ. ಕ್ಯಾನ್ಸರಿಗಾಗಿ ರೂಪಿಸಿದ ವಾಡಿಕೆಯ ಪೆಟ್ ಸ್ಕ್ಯಾನ್ ತಲೆಬುರುಡೆಯ ತಳದಿಂದ ತೊಡೆಯ ನಡುಭಾಗದವರೆಗೆ ಮಾತ್ರ ಚಿತ್ರ ತೆಗೆಯುತ್ತದೆ. ಟಿಐಒ ಗೆಡ್ಡೆಗಳು ಹೆಚ್ಚಾಗಿ ಇರುವುದು ಕಾಲು, ಪಾದ ಮತ್ತು ತಲೆ-ಮುಖದ ಭಾಗದಲ್ಲಿ. ನೆತ್ತಿಯಿಂದ ಕಾಲ್ಬೆರಳಿನ ತುದಿಯವರೆಗೆ, ಕೈಗಳನ್ನೂ ಸೇರಿಸಿ ಎಂದು ಕೋರಿಕೆಯ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ, ದುಬಾರಿ ಸ್ಕ್ಯಾನ್ ಮುಗಿದು ಗೆಡ್ಡೆಯಿಲ್ಲ ಎಂಬ ವರದಿ ಬರುತ್ತದೆ. ಗೆಡ್ಡೆ ಚಿತ್ರದ ಚೌಕಟ್ಟಿನಾಚೆ ಇರುತ್ತದೆ. ಕೂಡಿಕೊಳ್ಳುತ್ತಿರುವ ಬಿರುಕುಗಳೂ ಈ ಸ್ಕ್ಯಾನಿನಲ್ಲಿ ಹೊಳೆಯುವುದರಿಂದ, ಸಂದೇಹದ ಜಾಗವನ್ನು ಎಂಆರ್‌ಐ ಅಥವಾ ಸಿಟಿಯಿಂದ ಖಚಿತಪಡಿಸಿಕೊಳ್ಳಬೇಕು. ಒಂದಕ್ಕಿಂತ ಹೆಚ್ಚು ಜಾಗಗಳ ಮೇಲೆ ಅನುಮಾನವಿದ್ದರೆ ಆಯಾ ಭಾಗದ ಅಭಿಧಮನಿಗಳಿಂದ ರಕ್ತ ತೆಗೆದು, ಎಲ್ಲಿ ಎಫ್‌ಜಿಎಫ್ 23 ಹೆಚ್ಚಿದೆಯೆಂದು ಹೋಲಿಸಿ ನೋಡುವ ವಿಧಾನವೂ ಇದೆ.

ಗೆಡ್ಡೆ ಸಿಕ್ಕಿದರೆ ಮುಂದಿನ ಹಾದಿ ನೇರ. ಸುತ್ತಲಿನ ಆರೋಗ್ಯವಂತ ಅಂಗಾಂಶದ ಒಂದು ಅಂಚನ್ನೂ ಸೇರಿಸಿ ತೆಗೆಯಬೇಕು, ಏಕೆಂದರೆ ಈ ಗೆಡ್ಡೆಗಳು ಅಂಚಿನಲ್ಲಿ ಬೇರೂರಿರುತ್ತವೆ ಮತ್ತು ಒಂದಿಷ್ಟು ಉಳಿದರೂ ರೋಗ ಮರಳುತ್ತದೆ. ಹಾರ್ಮೋನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯದ ಕಾರಣ, ಯಶಸ್ವಿ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಫಾಸ್ಫೇಟ್ ಸಹಜ ಮಟ್ಟಕ್ಕೆ ಬರುತ್ತದೆ. ಸ್ನಾಯುಗಳ ಬಲ ವಾರಗಳಲ್ಲಿ, ಮೂಳೆ ತಿಂಗಳುಗಳಲ್ಲಿ ಸುಧಾರಿಸುತ್ತದೆ. ಕತ್ತರಿಸಲಾಗದ ಜಾಗದಲ್ಲಿದ್ದರೆ ರೇಡಿಯೋ ತರಂಗಗಳಿಂದ ಸುಡುವ ಅಥವಾ ಹೆಪ್ಪುಗಟ್ಟಿಸುವ ವಿಧಾನಗಳಿವೆ. ವರ್ಷಗಟ್ಟಲೆ ಹಾಸಿಗೆ ಹಿಡಿದವರು ನಡೆದಾಡುವಂತಾಗುವುದನ್ನು ವೈದ್ಯಕೀಯ ವರದಿಗಳು ಮತ್ತೆ ಮತ್ತೆ ದಾಖಲಿಸಿವೆ. ಆದರೆ ಕುಸಿದ ಬೆನ್ನುಮೂಳೆ, ಕಳೆದ ಎತ್ತರ, ಬಾಗಿದ ಎದೆಗೂಡು ಮರಳುವುದಿಲ್ಲ. ವಿಳಂಬದ ಬೆಲೆ ಇದು.

ಗೆಡ್ಡೆ ಸಿಗದವರಿಗೆ ಅಥವಾ ತೆಗೆಯಲಾಗದವರಿಗೆ ಹಳೆಯ ಚಿಕಿತ್ಸೆಯೆಂದರೆ ಫಾಸ್ಫೇಟನ್ನು ದಿನಕ್ಕೆ ನಾಲ್ಕಾರು ಬಾರಿ ಹಂಚಿ ಕುಡಿಯುವುದು, ಜೊತೆಗೆ ಕ್ಯಾಲ್ಸಿಟ್ರಿಯಾಲ್. ಸೋರುವುದನ್ನು ನಿಲ್ಲಿಸದೆ ಮೇಲಿಂದ ತುಂಬುವ ಈ ಕ್ರಮ ಅಗ್ಗದ್ದು, ಅನೇಕರಿಗೆ ನೋವು ತಗ್ಗಿಸುವಂಥದ್ದು. ಆದರೆ ಬೇಧಿಯಾಗುತ್ತದೆ, ಪ್ರಮಾಣ ಮೀರಿದರೆ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಶೇಖರವಾಗುತ್ತದೆ, ಕ್ಯಾಲ್ಸಿಯಂ ಮಟ್ಟ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆರಳುತ್ತವೆ. ಹೊಸ ಮದ್ದು ಬುರೊಸುಮ್ಯಾಬ್, ಎಫ್‌ಜಿಎಫ್ 23 ಅನ್ನೇ ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು 2018ರಲ್ಲಿ ಎಕ್ಸ್‌ಎಲ್‌ಎಚ್‌ಗೂ 2020ರ ಜೂನ್‌ನಲ್ಲಿ ಟಿಐಒಗೂ ಒಪ್ಪಿತು. ಟಿಐಒ ವಿಷಯದಲ್ಲಿ ಗೆಡ್ಡೆ ಸಿಗದಿರುವ ಅಥವಾ ಪೂರ್ತಿ ತೆಗೆಯಲಾಗದಿರುವ ರೋಗಿಗಳಿಗೆ ಮಾತ್ರ ಎಂಬ ಷರತ್ತಿದೆ. ಈ ಒಪ್ಪಿಗೆಗೆ ಆಧಾರವಾದ ಪ್ರಯೋಗಗಳು ಎಷ್ಟು ಸಣ್ಣವೆಂದರೆ, ಒಂದರಲ್ಲಿ ಇದ್ದ ವಯಸ್ಕ ರೋಗಿಗಳು 14, ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ನಡೆದ ಇನ್ನೊಂದರಲ್ಲಿ 13. ಅಪರೂಪದ ರೋಗಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಕಷ್ಟವೇ. ಆ ಪ್ರಯೋಗಗಳಲ್ಲಿ ಫಾಸ್ಫೇಟ್ ಏರಿದ್ದೂ ಬಿರುಕುಗಳು ಕೂಡಿಕೊಂಡದ್ದೂ ನಿಜ. ಆದರೆ ಔಷಧ ಅತಿ ದುಬಾರಿ, ಜಗತ್ತಿನ ಬಹುಪಾಲು ರೋಗಿಗಳ ಕೈಗೆ ಎಟುಕದು, ಮತ್ತು ಗೆಡ್ಡೆಯನ್ನು ಅದು ಕರಗಿಸುವುದಿಲ್ಲ. ಚುಚ್ಚುಮದ್ದಿನಿಂದ ಅಂಕಿ ಸರಿಹೋಯಿತೆಂದು ಗೆಡ್ಡೆಯ ಹುಡುಕಾಟವನ್ನು ಕೈಬಿಟ್ಟರೆ, ಒಮ್ಮೆ ಕತ್ತರಿಸಿ ಮುಗಿಸಬಹುದಾಗಿದ್ದ ರೋಗವನ್ನು ಜೀವನಪರ್ಯಂತದ ಖರ್ಚಾಗಿ ಬದಲಿಸಿದಂತಾಗುತ್ತದೆ.

2023ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಈ ರೋಗದ ಪತ್ತೆ ಮತ್ತು ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿಯೊಂದನ್ನು ಪ್ರಕಟಿಸಿದರು. ಹಾರ್ಮೋನು ರೋಗಗಳನ್ನು ನೋಡುವ ಎಂಡೋಕ್ರಿನಾಲಜಿ ವಿಭಾಗಗಳಲ್ಲಿ ಅದನ್ನು ಓದಿರುತ್ತಾರೆ. ಆದರೆ ರೋಗಿ ಮೊದಲು ಎಡತಾಕುವುದು ಮೂಳೆ ತಜ್ಞರು, ಸಂಧಿವಾತ ತಜ್ಞರು, ನರರೋಗ ತಜ್ಞರು ಮತ್ತು ಸಾಮಾನ್ಯ ವೈದ್ಯರ ಬಾಗಿಲನ್ನು. ಅಲ್ಲಿ ಬಳಕೆಯಲ್ಲಿರುವ ರಕ್ತಪರೀಕ್ಷೆಯ ಪಟ್ಟಿಗೆ ಫಾಸ್ಫೇಟನ್ನು ಸೇರಿಸುವುದು, ಅದು 2.5ಕ್ಕಿಂತ ಕೆಳಗಿದ್ದರೆ ಮೂತ್ರದ ಲೆಕ್ಕವನ್ನೂ ಮಾಡಿ ಎಂದು ವರದಿಯಲ್ಲೇ ಒಂದು ಸಾಲು ಮುದ್ರಿಸುವುದು ಪ್ರಯೋಗಾಲಯಗಳ ಮಟ್ಟದಲ್ಲಿ ತೀರ್ಮಾನವಾಗಬಹುದಾದ ಸಂಗತಿ. ಶಸ್ತ್ರಚಿಕಿತ್ಸೆಯಾದವರಿಗೂ ಇದೇ ಪರೀಕ್ಷೆ ವರ್ಷಗಳವರೆಗೆ ಬೇಕಾಗುತ್ತದೆ. ಗೆಡ್ಡೆ ಮರುಕಳಿಸಿದರೆ ಮೊದಲು ಇಳಿಯುವುದು ಫಾಸ್ಫೇಟ್, ನೋವು ಬರುವುದು ಅದಕ್ಕಿಂತ ಬಹಳ ತಡವಾಗಿ. ಅಷ್ಟರೊಳಗೆ ಸ್ಕ್ಯಾನ್ ಮಾಡಿಸಿದರೆ ಮೂಳೆ ಎರಡನೆಯ ಸಲ ಮುರಿಯುವ ಮುನ್ನ ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಅವಕಾಶವಿರುತ್ತದೆ.